47ಕ್ಕೆ ಕೆಲಸ ಬಿಟ್ಟು ಎಲ್‌ಎಲ್‌ಬಿ ಓದೋದು: ಲೆಕ್ಕ ತಪ್ಪಿದ್ರ ಹೇಳ್ರಿ

ಕಡತದಾಕಿ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ. ನನಗ ಈಗ 47. ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಾಗ 22 ವರ್ಷದ ಸರ್ವಿಸ್. ಕೈಗೆ ಬರೋದು 47,000. ಯಜಮಾನರದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಒಂದು ತಿಂಗಳು 60 ಬಂದ್ರ ಇನ್ನೊಂದು ತಿಂಗಳು 25. ವರ್ಷದ ಸರಾಸರಿ ತೆಗೆದ್ರ 41,000 ಅಂತ ಹಿಡೀರಿ. ಮಗಳು ಸೆಕೆಂಡ್ ಪಿಯುಸಿ, ಕಾಮರ್ಸ್. ಅತ್ತಿಯವರು ನಮ್ಮ ಜೊತಿನೇ ಇರ್ತಾರ.

ಮನಿ ಸಾಲ 9 ಲಕ್ಷ ಬಾಕಿ ಅದ, ಕಂತು 14,500. ಕಂತು ಹಿಡ್ಕೊಂಡು ತಿಂಗಳ ಖರ್ಚು 58,000. ಎಫ್‌ಡಿ 6 ಲಕ್ಷ, ನನ್ನ ಪಿಎಫ್ 11 ಲಕ್ಷ. ಬಂಗಾರ ಲೆಕ್ಕಕ್ಕ ಹಿಡೀಬ್ಯಾಡ್ರಿ, ಅದು ಮಗಳದ್ದು.

ವಿಷಯ ಏನಂದ್ರ, ಕೆಲಸ ಬಿಟ್ಟು ಮೂರು ವರ್ಷದ ಎಲ್‌ಎಲ್‌ಬಿ ಸೇರಬೇಕಂತ ಮಾಡೇನಿ. ಹಂಬಲ ನಿನ್ನೆ ಮೊನ್ನೆದಲ್ಲ. ನಮ್ಮ ಅವ್ವನ ಪಾಲಿನ ಕೇಸು ನಡೀತಿದ್ದಾಗ ಫೈಲ್ ಹಿಡ್ಕೊಂಡು ಓಡಾಡಿದಾಕಿ ನಾನು. ನವಲಗುಂದ ಕಡೆ ಎರಿ ಹೊಲ. ಅಜ್ಜ, ಅಂದ್ರ ಅವ್ವನ ಅಪ್ಪ, ತೀರಿಕೊಂಡದ್ದು 1998ರಾಗ. ಅವ್ವನ ಮದುವಿ 1994ಕ್ಕಿಂತ ಮೊದಲೇ ಆಗಿತ್ತು, ಹಂಗಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಾಗ ಪಾಲು ಕೊಡೋ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕದ ತಿದ್ದುಪಡಿ ಆಕಿಗೆ ಸಿಗಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಹಿಡ್ಕೊಂಡು ದಾವೆ ಹಾಕಿದ್ವಿ. ಅಷ್ಟರಾಗ 2015ರಾಗ ಸುಪ್ರೀಂ ಕೋರ್ಟು, ತಿದ್ದುಪಡಿ ಬಂದ ದಿನ ಅಪ್ಪ ಜೀವಂತ ಇರಬೇಕು ಅಂತು. ನಾವು ಸೋತ್ವಿ. ಮೇಲ್ಮನವಿ ಬಾಕಿ ಇದ್ದಾಗ 2020ರ ಆಗಸ್ಟ್‌ನಾಗ ವಿನೀತಾ ಶರ್ಮಾ ತೀರ್ಪು ಬಂತು: ಮಗಳ ಹಕ್ಕು ಹುಟ್ಟಿನಿಂದಲೇ ಬರ್ತದ, ಅಪ್ಪ ಇದ್ದಾನೋ ಇಲ್ಲೋ ಅನ್ನೋದು ಬೇಕಾಗಿಲ್ಲ ಅಂತ. ಅವ್ವಗ ಪಾಲು ಬಂತು. ಆ ತೀರ್ಪು ಬಂದ ದಿನ ನಮ್ಮ ವಕೀಲರಿಗೆ ಫೋನ್ ಮಾಡಿ ಹೇಳಿದಾಕಿ ನಾನೇ. ಅವರು ಇನ್ನೂ ಓದಿರಲಿಲ್ಲ.

ಅವತ್ತಿನಿಂದ ಈ ಹುಳ ತಲಿಯೊಳಗ ಕೂತದ. ಮನ್ಯಾಗ ಯಜಮಾನರು ಹೂಂ ಅಂತಾರ, ಅರ್ಧ ಮನಸ್ಸಿಲೆ. ಅತ್ತಿಯವರು “ಈ ವಯಸ್ಸಿಗೆ ಚೀಲ ಹಾಕ್ಕೊಂಡು ಕಾಲೇಜಿಗೆ ಹೊಂಟ್ರ ಜನ ಏನಂದಾರು” ಅಂತಾರ. ನನಗ ಜನರ ಚಿಂತಿ ಇಲ್ರಿ. 58,000ದ ಚಿಂತಿ ಅದ.

ಲೆಕ್ಕದ ಪುಸ್ತಕ (ಬೆಂಗಳೂರು)

ಮೇಡಂ, ಅಂಕಿ ಸಮೇತ ಬರೆದಿದ್ದೀರಿ, ಅದೇ ಅರ್ಧ ಕೆಲಸ. ಇಲ್ಲಿ “ಕನಸು ಬೆನ್ನಟ್ಟಲಾ” ಅಂತ ಕೇಳೋರಲ್ಲಿ ಹೆಚ್ಚಿನವರು ಅಂಕಿಯನ್ನೇ ಕೊಡಲ್ಲ.

ನಿಮ್ಮ ಸಂಬಳ ನಿಂತರೆ ತಿಂಗಳಿಗೆ 17,000 ಕೊರತೆ. ಮೂರು ವರ್ಷಕ್ಕೆ 6,12,000. ಎಫ್‌ಡಿ ಪೂರ್ತಿ ಕರಗಿ ಹೋಗುತ್ತೆ, ಆಮೇಲೆ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿರೋ ವರ್ಷಗಳಿಗೆ ಪಿಎಫ್‌ಗೆ ಕೈ ಹಾಕಬೇಕು. ಇದು ಎಲ್ಲರೂ ಮಾಡೋ ಲೆಕ್ಕ.

ಇನ್ನೊಂದು ದಾರಿ ನೋಡಿ. ಕೆಲಸ ಬಿಡುವಾಗ ಕಂಪನಿ ಕೊಡೋ ಗ್ರಾಚ್ಯುಟಿಯನ್ನು ನೀವು ಬರೆದೇ ಇಲ್ಲ. ಬೇಸಿಕ್, ಅಂದ್ರೆ ಮೂಲ ವೇತನ, ಎಷ್ಟು? 28,000 ಆಚೀಚೆ ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, 22 ವರ್ಷಕ್ಕೆ ಗುಣಿಸಿದರೆ 3,55,000 ಬರುತ್ತೆ. 20 ಲಕ್ಷದವರೆಗೆ ತೆರಿಗೆ ಇಲ್ಲ. ಎಫ್‌ಡಿ 6 ಲಕ್ಷಕ್ಕೆ ಅದನ್ನು ಸೇರಿಸಿ ಮನೆ ಸಾಲ ತೀರಿಸಿಬಿಡಿ. ಬದಲಾಗುವ ಬಡ್ಡಿಯ ಗೃಹಸಾಲವಾದರೆ ಮುಂಚಿತವಾಗಿ ಕಟ್ಟೋದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ, 2012ರಿಂದಲೂ ಆ ನಿಯಮ ಇದೆ. ಕಂತು ಹೋದರೆ ಖರ್ಚು 43,500ಕ್ಕೆ ಇಳೀತು. ಯಜಮಾನರ 41,000 ಬಂದರೆ ಕೊರತೆ ತಿಂಗಳಿಗೆ 2,500.

17,000 ಎಲ್ಲಿ, 2,500 ಎಲ್ಲಿ. ಪಿಎಫ್ ಮುಟ್ಟಲೇಬೇಡಿ, 2023-24ಕ್ಕೂ 2024-25ಕ್ಕೂ 8.25% ಬಡ್ಡಿ ಕೊಟ್ಟಿದ್ದಾರೆ. ಕೆಲಸ ಬಿಟ್ಟ ಮೇಲೆ ಬರೋ ಬಡ್ಡಿಗೆ ತೆರಿಗೆ ಇದೆ ಅನ್ನೋದು ಮಾತ್ರ ನೆನಪಿರಲಿ.

ದುಬೈ ದಾವಣಗೆರೆ

ಇನ್ನು ಹತ್ತು ವರ್ಷ ಸುಮ್ಮನೆ ದುಡಿದು ನಿವೃತ್ತಿ ಆದ ಮೇಲೆ ಓದಿ ಮೇಡಂ. ಅಷ್ಟೊತ್ತಿಗೆ ಪಿಎಫ್ ಡಬಲ್ ದಾಟಿರುತ್ತೆ, ಮಗಳ ಮದುವೆಯೂ ಆಗಿರುತ್ತೆ. ನಾನು ಇಲ್ಲಿ ಮಾಡ್ತಿರೋದೂ ಅದೇ.

ಕರಿಕೋಟು (ಬೆಳಗಾವಿ)

ನಾನು ವಕೀಲ, ಮೂವತ್ತು ವರ್ಷದ ಮೇಲಾಯಿತು. ತಾಯಿ, ಹಣದ ಲೆಕ್ಕ ಬೇರೆಯವರು ಹಾಕಲಿ. ವೃತ್ತಿಯ ಲೆಕ್ಕ ನಾನು ಹೇಳುತ್ತೇನೆ, ಸ್ವಲ್ಪ ಕಹಿ ಇರುತ್ತದೆ.

ಮೊದಲು ವಯಸ್ಸು. 45 ದಾಟಿದವರನ್ನು ವಕೀಲರಾಗಿ ನೋಂದಾಯಿಸಬಾರದು ಎಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಮ್ಮೆ ನಿಯಮ ಮಾಡಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಆದ್ದರಿಂದ ವಯಸ್ಸು ಅಡ್ಡಿಯಲ್ಲ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45% ಅಂಕ ಬೇಕು. ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯ ನಿಮ್ಮ ಊರಲ್ಲೇ ಇದೆ, ಮೂರು ವರ್ಷದ ಕೋರ್ಸಿಗೆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಕೆಲಸ ಮಾಡುತ್ತಲೇ ಓದುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತರಗತಿ ಬೆಳಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು, ಹಾಜರಾತಿ 70% ಬೇಕು. ಹಾಜರಾತಿಯನ್ನು “ಹೊಂದಿಸಿಕೊಡುವ” ಕಾಲೇಜುಗಳು ಸಿಗುತ್ತವೆ. ನ್ಯಾಯದ ಕೆಲಸಕ್ಕೆ ಬರುವವರು ಸುಳ್ಳು ಹಾಜರಾತಿಯಿಂದ ಶುರುಮಾಡುವುದು ನನಗೆ ಸರಿಬರುವುದಿಲ್ಲ.

ಪಾಸಾದ ಮೇಲೆ ನೋಂದಣಿ. ಶುಲ್ಕವೆಂದು ಸಾವಿರಾರು ರೂಪಾಯಿ ಕೀಳುತ್ತಿದ್ದರು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು 750 ರೂಪಾಯಿಗೆ ಕಟ್ಟಿಹಾಕಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೀವು ಓದಿನವರು, ಪಾಸಾಗುತ್ತೀರಿ.

ಕಹಿ ಇರುವುದು ಅದರಾಚೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಸುತ್ತೋಲೆ ಹೊರಡಿಸಿತು. ಅದು ಬರೀ ಶಿಫಾರಸು. ನಮ್ಮ ಕಡೆ ಸೀನಿಯರ್ ಪೆಟ್ರೋಲಿಗೆ ಕೊಟ್ಟರೆ ಪುಣ್ಯವಂತ. ಓದಿನ ಮೂರು ವರ್ಷ, ಜೂನಿಯರ್ ಆಗಿ ಕನಿಷ್ಠ ಮೂರು ವರ್ಷ. ಆರು ವರ್ಷ ಸಂಬಳ ಎಂಬುದಿಲ್ಲ ಎಂದೇ ಲೆಕ್ಕ ಹಾಕಿ. ಮುನ್ಸಿಫ್ ನ್ಯಾಯಾಧೀಶರಾಗುವ ಆಸೆಯಿದ್ದರೆ ಬಿಡಿ, ಆ ವಯೋಮಿತಿ ದಾಟಿಹೋಗಿದೆ. ನೋಟರಿಗೆ ಗಂಡಸರಾದರೆ ಸಾಮಾನ್ಯ ವರ್ಗದಲ್ಲಿ 10 ವರ್ಷದ ವಕೀಲಿ ಬೇಕು, ಹೆಣ್ಣುಮಕ್ಕಳಿಗೆ 7 ವರ್ಷ ಸಾಕು. ನಿಮಗೆ 58ರ ಹೊತ್ತಿಗೆ ಅದು ಸಿಕ್ಕೀತು.

ದುಬೈ ದಾವಣಗೆರೆಯವರು 57ಕ್ಕೆ ಶುರುಮಾಡಿ ಅನ್ನುತ್ತಾರೆ. ಹಾಗೆ ಮಾಡಿದರೆ ಸ್ವಂತ ಕಚೇರಿ ತೆರೆಯುವಾಗ 63 ಆಗಿರುತ್ತದೆ. ಕೋರ್ಟಿನ ಮೆಟ್ಟಿಲಿಗೆ ಮೊಣಕಾಲು ಬೇಕು ಸ್ವಾಮಿ.

ನಿವೃತ್ತ ಮೇಷ್ಟ್ರು (ಮೈಸೂರು)

ಕ್ಷಮಿಸಿ ಮಗಳೇ, ನಾನು ಸ್ವಲ್ಪ ಬೇರೆ ದಾರಿಯಲ್ಲಿ ಕೇಳುತ್ತೇನೆ. ಸ್ವಂತ ಮನೆ ಇದೆ, ಸಂಬಳ ಇದೆ, ಮಗಳು ಓದುತ್ತಿದ್ದಾಳೆ, ಅತ್ತೆ ಮನೆಯಲ್ಲೇ ಇದ್ದಾರೆ. ತಾಯಿಗೆ ನ್ಯಾಯವೂ ಸಿಕ್ಕಿತು. ಇನ್ನೇನು ಕೊರತೆ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ಹೋಗಿ ಅಲ್ಲೇ ಸುರಿದು ಬನ್ನಿ ಎಂದವಳು ಆಕೆ. ಕಲ್ಯಾಣದಲ್ಲಿ ಅಷ್ಟು ದೊಡ್ಡವರಿದ್ದೂ ನಮ್ಮ ನೆನಪಲ್ಲಿ ಉಳಿದದ್ದು ಅಕ್ಕಿ ಹಿಂದಿರುಗಿಸಿದ ಹೆಣ್ಣುಮಗಳು. ಇರುವುದರಲ್ಲಿ ತೃಪ್ತಿ ಕಾಣದವರು ಕರಿಕೋಟು ಹಾಕಿಕೊಂಡ ಮೇಲೆ ಕಾಣುತ್ತಾರೆಯೇ? ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ.

ಸಂಜೆ ಬಸ್ಸು (ಬೆಂಗಳೂರು)

ಮೇಷ್ಟ್ರೇ, ಲಕ್ಕಮ್ಮ ಅಕ್ಕಿ ವಾಪಸ್ ಕಳಿಸಿದ್ದು ನಿಜ. ಕಾಯಕ ಬಿಟ್ಟು ಮನೇಲಿರಿ ಅಂತ ಮಾರಯ್ಯನಿಗೆ ಎಲ್ಲಿ ಹೇಳಿದಳು? ಕಾಯಕದಲ್ಲಿ ಉದಾಸೀನ ಮಾಡಿದಾಗ ಗಂಡನನ್ನು ಎಬ್ಬಿಸಿ ಕಳಿಸಿದವಳೂ ಅವಳೇ ಅಲ್ವಾ. ಅಕ್ಕ ಕೇಳ್ತಿರೋದೂ ಹೆಚ್ಚು ಅಕ್ಕಿ ಅಲ್ಲ. 47,000 ಸಂಬಳ ಬಿಟ್ಟು ಕಾಸಿಲ್ಲದ ಕಡೆ ಹೋಗ್ತೀನಿ ಅಂತಿದ್ದಾರೆ. ಇದರಲ್ಲಿ ಆಸೆಬುರುಕತನ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗಲಿಲ್ಲ.

ಇನ್ನೊಂದು ಮಾತು. ಇದೇ ಜಾಗದಲ್ಲಿ ಗಂಡಸರು “ಕೆಲಸ ಬಿಟ್ಟು ತೋಟ ಮಾಡ್ತೀನಿ” ಅಂತ ಬರೆದಾಗ ಅವರಿಗೆ ಯಾರೂ ಲಕ್ಕಮ್ಮನ ಕಥೆ ಹೇಳಿರಲಿಲ್ಲ. ಹಳೇದು ತೆಗೆದು ನೋಡಿ. ಎಲ್ಲರೂ ಭೇಷ್ ಅಂದಿದ್ರು.

ಅಡಿಕೆ ಚಪ್ಪರ (ಸಾಗರ)

ಆ ತೋಟದ ಪೈಕಿ ನಾನೂ ಒಬ್ಬ, ಮಾರಾಯ್ರೆ. ಸಂಜೆ ಬಸ್ಸಿನವರು ಹೇಳಿದ್ದು ಚುಚ್ಚಿತು, ಆದರೂ ಸರಿಯಾಗಿಯೇ ಇದೆ.

44ರಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದೆ. ಅಪ್ಪನ ಕಾಲದ ತೋಟ ಎರಡು ಎಕರೆ, ಜೊತೆಗೆ ಹೊಸದಾಗಿ ಸಸಿ ನೆಟ್ಟದ್ದು ಒಂದು ಎಕರೆ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು ಅನ್ನುವುದು ಗೊತ್ತಿದ್ದದ್ದೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚೂ ಗೊತ್ತಿತ್ತು. ಎಲೆಚುಕ್ಕೆ ರೋಗ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆ ತೋಟಗಳನ್ನು ನೋಡಿದವರಿಗೆ ಅದರ ಹೊಡೆತ ಗೊತ್ತು. ಔಷಧಿ ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟ, ಸಿಕ್ಕರೆ ಅವರು ಹೇಳಿದ್ದೇ ಕೂಲಿ.

ಆ ವರ್ಷಗಳಲ್ಲಿ ಮನೆ ನಡೆದದ್ದು ನನ್ನ ಹೆಂಡತಿಯ ಸಂಬಳದಲ್ಲಿ, ಅವಳು ಶಾಲೆ ಟೀಚರು. ಊರಿನವರು ಬಂದು “ಎಷ್ಟು ಧೈರ್ಯ ಮಾಡಿದೆ ನೀನು” ಎಂದು ನನ್ನ ಬೆನ್ನು ತಟ್ಟಿ ಹೋಗುತ್ತಿದ್ದರು. ಅವರಿಗೆ ಕಾಫಿ ಮಾಡಿಕೊಡುತ್ತಿದ್ದವಳು ಅವಳೇ.

ನಿಮಗೆ ನನ್ನದೊಂದು ಸಲಹೆ ಅಕ್ಕಾ. ಯಜಮಾನರ “ಅರ್ಧ ಮನಸ್ಸಿನ ಹೂಂ” ಇದೆಯಲ್ಲ, ಅದನ್ನು ಬಿಡಿಸಿ ಕೇಳಿ. ಉಳಿದರ್ಧದಲ್ಲಿ ಏನಿದೆ ಅಂತ. ಹಣವೋ, ಮನೆಕೆಲಸವೋ, ತಾನು ಒಬ್ಬನೇ ದುಡಿಯಬೇಕೆಂಬ ಹೆದರಿಕೆಯೋ. ನಮ್ಮಲ್ಲಿ ಅದನ್ನು ಮಾತಾಡಿದ್ದು ನಾಲ್ಕನೇ ವರ್ಷದಲ್ಲಿ. ಅಷ್ಟರಲ್ಲಿ ಅವಳ ಸಿಟ್ಟು ಒಣಗಿ ಕಟ್ಟಿಗೆಯಾಗಿತ್ತು.

ಕಡತದಾಕಿ (ಹುಬ್ಬಳ್ಳಿ)

ಎಲ್ಲಾರಿಗೂ ಧನ್ಯವಾದ. ಒಂದೊಂದಾಗಿ ಹೇಳ್ತೀನಿ.

ಲೆಕ್ಕದ ಪುಸ್ತಕದವರೇ, ಬೇಸಿಕ್ ನೀವು ಹೇಳಿದಷ್ಟೇ ಅದ. ದಿನಾ ಊರಮಂದಿ ಗ್ರಾಚ್ಯುಟಿ ಲೆಕ್ಕ ಹಾಕಾಕಿ ನಾನು, ನಂದು ಹಾಕಿರಲಿಲ್ಲ. ಸಾಲ ತೀರಿಸೋ ವಿಚಾರ ಯಜಮಾನರಿಗೆ ಹೇಳಿದೆ. ಮುಖ ಅರಳ್ತು. ಸಾಡೇಸಾತಿ ಬಿಟ್ಟಂಗ ಆತು ಅಂದ್ರು.

ಅಡಿಕೆ ಚಪ್ಪರದವರೇ, ನೀವು ಹೇಳಿದಂಗ ಬಿಡಿಸಿ ಕೇಳಿದೆ. ಅವರ ಹೆದರಿಕಿ ಮಳಿದು. ನಮ್ಮ ಕಡೆ ಮುಂಗಾರು ಕೈಕೊಟ್ರ ರೈತರು ಟ್ರ್ಯಾಕ್ಟರ್ ರಿಪೇರಿ ಮುಂದ ಹಾಕ್ತಾರ, ಅಂಗಡಿ ಉದ್ರಿ ವಹಿ ದಪ್ಪ ಆಗ್ತದ. 2023ರ ಬರದಾಗ ಮನಿ ನಡದದ್ದು ನನ್ನ ಸಂಬಳದ ಮ್ಯಾಲೆ. “ಇನ್ನೊಂದು ಅಂಥಾ ವರ್ಷ ಬಂದ್ರ ಏನ್ ಮಾಡೋಣ” ಅಂತ ಕೇಳಿದ್ರು. 41,000 ಅನ್ನೋದು ಸರಾಸರಿ, ಸರಾಸರಿಯಾಗ ಯಾರೂ ಕಿರಾಣಿ ಕೊಡೂದಿಲ್ಲ. ನನ್ನ ಹತ್ರ ಉತ್ತರ ಇರಲಿಲ್ಲ.

ಮೇಷ್ಟ್ರೇ, ನನಗ ಬ್ಯಾಸರ ಇಲ್ರಿ. ನೀವು ಕೇಳಿದ್ದು ಛಲೋ ಆತು. ಇರೋದ್ರಾಗ ನನಗ ತೃಪ್ತಿ ಅದ. ದೊಡ್ಡ ಮನಿ ಬ್ಯಾಡ, ಕಾರು ಬ್ಯಾಡ. ಬೆಳಿಗ್ಗೆ ಆಫೀಸಿಗೆ ಹೋಗಿ ಕೂತ್ರ ಸಂಜಿತನಕ ಯಾರದೋ ಬಿಲ್ಲು, ಯಾರದೋ ಬ್ಯಾಲೆನ್ಸು ಹೊಂದಿಸೋದು. ಕೆಟ್ಟ ಕೆಲಸ ಏನಲ್ಲ. ಆದ್ರ ಅವ್ವನ ಕೇಸಿನ ಟೈಮಿನಾಗ ಕೋರ್ಟಿನ ಕಟ್ಟಿ ಮ್ಯಾಲೆ ಕೂತಾಗ ಹಳ್ಳಿ ಹೆಣ್ಣುಮಕ್ಕಳು ನನ್ನ ಹತ್ರ ಕಾಗದ ತಂದು “ಇದ್ರಾಗ ಏನ್ ಬರದಾರ ನೋಡ್ರಿ ಅಕ್ಕಾರ” ಅಂತಿದ್ರು. ತಮ್ಮದೇ ಕೇಸಿನಾಗ ಏನು ನಡದದ ಅಂತ ಅವರಿಗೆ ಯಾರೂ ಹೇಳಿರ್ತಿರಲಿಲ್ಲ. ನಾನು ಓದಿ ಹೇಳ್ತಿದ್ದೆ. ಆ ಕೆಲಸ ನನಗ ಬರ್ತದ ಅಂತ ಅನಿಸ್ತು. ಇಷ್ಟೇ ರೀ.

ಲೆಕ್ಕದ ಪುಸ್ತಕ (ಬೆಂಗಳೂರು)

ಬರದ ವರ್ಷದ ಪ್ರಶ್ನೆ ಸರಿಯಾಗಿದೆ, ನನ್ನ ಮೊದಲ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಸಾಲ ತೀರಿಸಿದ ಮೇಲೆ ಕೈಯಲ್ಲಿ ಉಳಿಯೋದು ಐವತ್ತೈದು ಸಾವಿರ. ಒಂದು ಆಸ್ಪತ್ರೆ ಬಿಲ್ಲಿಗೆ ಸಾಲಲ್ಲ.

ಹಾಗಾಗಿ ಒಂದು ವರ್ಷ ತಡೆಯಿರಿ ಅಂತೀನಿ. ಈಗ ತಿಂಗಳಿಗೆ 88,000 ಬಂದು 58,000 ಹೋಗುತ್ತೆ. ಉಳಿಯೋ 30,000 ಎಲ್ಲಿ ಹೋಗುತ್ತೆ ಅಂತ ನೀವು ಬರೆದಿಲ್ಲ, ಅದರಲ್ಲಿ 20,000 ಗಟ್ಟಿಯಾಗಿ ಬೇರೆ ಇಟ್ಟರೂ ವರ್ಷಕ್ಕೆ 2,40,000. ಅದು ಬರದ ವರ್ಷದ ನಿಧಿ. ಯಜಮಾನರ ಹೆಸರಲ್ಲಿ ಇಡಿ, ಯಾಕಂದ್ರೆ ಹೆದರಿಕೆ ಇರೋದು ಅವರಿಗೆ. ಅವರ ಕೈಯಲ್ಲಿದ್ದರೆ ನಿದ್ದೆ ಬರುತ್ತೆ.

ಎರಡನೇದು ವಿಮೆ. ಕಂಪನಿಯ ಗುಂಪು ವಿಮೆ ಕೆಲಸ ಬಿಟ್ಟ ದಿನವೇ ಹೋಗುತ್ತೆ. ಸಂಬಳ ಬರೋವಾಗಲೇ ಸ್ವಂತ ಪಾಲಿಸಿ ಮಾಡಿಸಿ. ಮೊದಲೇ ಇರೋ ಬಿಪಿ, ಶುಗರ್‌ಗೆ ಕಾಯುವ ಅವಧಿ ಗರಿಷ್ಠ 3 ವರ್ಷ, ಆ ಗಡಿಯಾರ ಈಗಲೇ ಶುರುವಾಗಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿದ್ದ 18% ಜಿಎಸ್‌ಟಿಯೂ ಹೋಗಿದೆ. ಯಜಮಾನರು ಯಾವುದಾದರೂ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯನ್ನೂ ಕೇಳಿ ನೋಡಿ.

ಪಿಂಚಣಿ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಪಿಎಫ್ ಜೊತೆಗಿರೋ ಪಿಂಚಣಿ ಯೋಜನೆ ಇಪಿಎಸ್‌ಗೆ 10 ವರ್ಷ ಆಗಿದ್ದರೆ 58ಕ್ಕೆ ಪಿಂಚಣಿ ಬರುತ್ತೆ. ನಿಮ್ಮದು ಮೂರು-ನಾಲ್ಕು ಸಾವಿರದ ಆಚೀಚೆ ಇರಬಹುದು. 50ಕ್ಕೇ ತಗೊಂಡರೆ ವರ್ಷಕ್ಕೆ 4%ರಂತೆ ಕಡಿಮೆಯಾಗುತ್ತೆ, ಆ ಆತುರ ಬೇಡ. ಅದರ ಮೇಲೆ ಮನೆ ನಡೆಯಲ್ಲ, ಫೋನು, ಕರೆಂಟು ಬಿಲ್ಲು ನಡೆಯುತ್ತೆ.

ಬೊಂಬಾಯಿ ಕನ್ನಡಿಗ

ನಮ್ಮ ಊರು ಉಡುಪಿ ಹತ್ತಿರ, ಇರುವುದು ಮುಂಬಯಿಯಲ್ಲಿ. ಇಲ್ಲಿ ಒಂದು ಕಾಲದಲ್ಲಿ ಊರಿನ ಹುಡುಗರು ಹೋಟೆಲಿನಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ರಾತ್ರಿ ಕಾಲೇಜಿನಲ್ಲಿ ಕಾನೂನೂ ಮಾಡಿಕೊಂಡವರು ಇದ್ದರು. ನನ್ನ ದೊಡ್ಡಪ್ಪನೇ ಹಾಗೆ ವಕೀಲರಾದವರು. ಈಗ ಆ ದಾರಿ ಮುಚ್ಚಿದ್ದಾರೆ. ವೃತ್ತಿಯ ಮಟ್ಟ ಉಳಿಸಲಿಕ್ಕೆ ಅಂತ ಹೇಳ್ತಾರೆ. ಆದರೆ ಆಯ್ತು ಎಂಥದು? ಅಪ್ಪನ ದುಡ್ಡಿನಲ್ಲಿ ಓದುವ ಮಕ್ಕಳಿಗೆ ಮಾತ್ರ ಬಾಗಿಲು ತೆರೆದದ್ದು. ಸಂಬಳಕ್ಕೆ ಕಟ್ಟುಬಿದ್ದವರಿಗೆ ಇಲ್ಲ. ಇವರ ಆರು ವರ್ಷದ ಕಷ್ಟದಲ್ಲಿ ಮೂರು ವರ್ಷ ಆ ನಿಯಮದ್ದೇ ಉಂಟು.

ಕರಿಕೋಟು (ಬೆಳಗಾವಿ)

ಬೊಂಬಾಯಿಯವರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ರಾತ್ರಿ ಕಾಲೇಜಿನಲ್ಲಿ ಓದಿ ಬಂದ ಒಳ್ಳೆಯ ವಕೀಲರನ್ನು ನೋಡಿದ್ದೇನೆ. ಕೋಟು ಹಾಕಿಕೊಂಡು ಮದುವೆ ಫೋಟೊ ತೆಗೆಸಿಕೊಳ್ಳಲು ಮಾತ್ರ ಓದಿದವರನ್ನೂ ನೋಡಿದ್ದೇನೆ.

ತಾಯಿ, ಕೋರ್ಟಿನ ಕಟ್ಟೆಯ ಮಾತು ಓದಿದ ಮೇಲೆ ನನ್ನ ಧಾಟಿ ಸ್ವಲ್ಪ ಬದಲಾಗಿದೆ. ನಿಮಗೆ ಅನುಕೂಲವಾಗುವ ಕೆಲವು ಸಂಗತಿಗಳೂ ಇವೆ.

ನಾವೆಲ್ಲ ಮೂವತ್ತು ವರ್ಷ ಬಾಯಿಪಾಠ ಮಾಡಿದ ಐಪಿಸಿ 2024ರ ಜುಲೈ 1ಕ್ಕೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ ಕಲಮು 302 ಈಗ 103. ಊರಿನವರೆಲ್ಲ ಬೈಗುಳದಂತೆ ಬಳಸುವ 420 ಈಗ 318. ನನ್ನಂಥ ಮುದುಕನೂ ಪುಸ್ತಕ ತಿರುವಿಯೇ ವಾದ ಮಾಡುತ್ತಿದ್ದಾನೆ. ಹೊಸಬರಿಗೆ ಇಷ್ಟು ಸಮತಟ್ಟಾದ ನೆಲ ನನ್ನ ಕಾಲದಲ್ಲಿ ಇರಲಿಲ್ಲ.

ಎರಡನೆಯದು ನಿಮ್ಮ ಅಕೌಂಟ್ಸ್. ಕೋರ್ಟಿನಲ್ಲಿ ರಾಶಿ ಬಿದ್ದಿರುವುದು ಚೆಕ್ ಬೌನ್ಸ್ ಕೇಸು. ವಹಿ, ಬ್ಯಾಂಕ್ ಸ್ಟೇಟ್‌ಮೆಂಟು ಓದಿ ಎದುರಿನವರ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹಿಡಿಯಬಲ್ಲವರು ನಮ್ಮಲ್ಲಿ ಕಡಿಮೆ. ಅಪಘಾತ ಪರಿಹಾರದ ಕೇಸುಗಳಲ್ಲೂ ಅರ್ಧ ಲೆಕ್ಕವೇ. ಅಂದಹಾಗೆ ಅಲ್ಲಿ ಒಂದು ಕೋಷ್ಟಕ ಇದೆ, 2009ರ ಸರಳಾ ವರ್ಮಾ ತೀರ್ಪಿನದು. ತೀರಿಕೊಂಡವರ ವರ್ಷದ ಆದಾಯದಲ್ಲಿ ಅವರ ಸ್ವಂತ ಖರ್ಚು ಕಳೆದು, ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿ ಪರಿಹಾರ ಕಟ್ಟುತ್ತಾರೆ. 46ರಿಂದ 50ರವರಿಗೆ ಆ ಅಂಕಿ 13. 51 ಆದರೆ 11, 56 ಆದರೆ 9. ನಾನು ಇದನ್ನು ಎಷ್ಟು ಸಲ ಬರೆದಿದ್ದೇನೋ, ನನ್ನ ವಯಸ್ಸಿನ ಸಾಲು ಮಾತ್ರ ಕಣ್ಣು ತಪ್ಪಿಸಿಯೇ ಓದುತ್ತೇನೆ. ನಿಮಗೆ ಕೋರ್ಟಿನ ಲೆಕ್ಕದಲ್ಲೂ 13 ಇದೆ.

ಮೂರನೆಯದು ಬಹಳ ಮುಖ್ಯ, ಇದನ್ನು ಕೆಲಸ ಬಿಡದೆ ಮಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರು ಎಂದು ತೆಗೆದುಕೊಳ್ಳುತ್ತಾರೆ. ಎಲ್‌ಎಲ್‌ಬಿ ಬೇಡ. ತರಬೇತಿ ಕೊಡುತ್ತಾರೆ, ಕೆಲಸ ಮಾಡಿದ ದಿನಕ್ಕೆ ಅಲ್ಪ ಗೌರವಧನ. ನೀವು ಕಟ್ಟೆಯ ಮೇಲೆ ಕೂತು ಮಾಡಿದ್ದನ್ನೇ ಅಲ್ಲಿ ಮೇಜಿನ ಮುಂದೆ ಕೂತು ಮಾಡುವುದು. ಬಂದ ಹೆಣ್ಣುಮಕ್ಕಳಿಗೆ ಇದನ್ನು ಹೇಳಿ: 1987ರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿ ಅವರಿಗೆ ಇಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ಇದು ಗೊತ್ತಿರುವುದಿಲ್ಲ. ವಕೀಲರೂ ಹೇಳುವುದಿಲ್ಲ, ಯಾಕೆ ಹೇಳುವುದಿಲ್ಲ ಎಂದು ನಾನು ಬಿಡಿಸಿ ಬರೆಯಬೇಕಿಲ್ಲ.

ರಜೆಯ ದಿನಗಳಲ್ಲಿ ಒಂದು ವರ್ಷ ಅದನ್ನು ಮಾಡಿ ನೋಡಿ. ಆಮೇಲೂ ಕರಿಕೋಟು ಬೇಕೆನಿಸಿದರೆ ಬನ್ನಿ.

ಕೊನೆಗೆ ಒಂದು ಪ್ರಶ್ನೆ. ಯಜಮಾನರ ಅಂಗಡಿ ಯಾರ ಹೆಸರಿನಲ್ಲಿದೆ?

ಕಡತದಾಕಿ (ಹುಬ್ಬಳ್ಳಿ)

ಅಯ್ಯೋ ಸರ್, ಜಿಎಸ್‌ಟಿ ನೋಂದಣಿ ನನ್ನ ಹೆಸರಿಗೇ ಅದ. ಅಂಗಡಿ ತೆಗೆಯೋವಾಗ ಸಾಲಕ್ಕ ಹಂಗ ಮಾಡಿದ್ವಿ. ಯಾಕ್ರಿ?

ಕರಿಕೋಟು (ಬೆಳಗಾವಿ)

ಅದಕ್ಕೇ ಕೇಳಿದೆ. ವಕೀಲರು ಸ್ವತಃ ವ್ಯಾಪಾರ ನಡೆಸುವಂತಿಲ್ಲ, ಪೂರ್ಣಾವಧಿ ಸಂಬಳದ ಕೆಲಸದಲ್ಲೂ ಇರುವಂತಿಲ್ಲ. ಓದುವಾಗ ತೊಂದರೆಯಿಲ್ಲ, ನೋಂದಣಿಗೆ ಅರ್ಜಿ ಹಾಕುವ ಮೊದಲು ಅಂಗಡಿ ಅವರ ಹೆಸರಿಗೆ ಆಗಿರಬೇಕು. ಸಾಲ, ಸ್ಟಾಕು, ಉದ್ರಿ ಎಲ್ಲ ಸೇರಿ. ಅದಕ್ಕೆ ಸಮಯ ಹಿಡಿಯುತ್ತದೆ.

ಸಂಜೆ ಬಸ್ಸು (ಬೆಂಗಳೂರು)

ಅಂದ್ರೆ ಅಕ್ಕ ಇಷ್ಟು ವರ್ಷ ಸಂಬಳ ತಂದಿದ್ದಾರೆ, ಬರದ ವರ್ಷ ಮನೆ ನಡೆಸಿದ್ದಾರೆ, ಅಂಗಡಿಯ ಸಾಲವೂ ಅವರ ತಲೆ ಮೇಲೇ ಇದೆ. ಆರು ವರ್ಷ ಕೇಳಿದ್ರೆ ಎಲ್ಲರೂ ತೃಪ್ತಿ ಬಗ್ಗೆ ಮಾತಾಡ್ತೀವಿ. ಇದನ್ನ ಹೇಳ್ದೆ ಇರೋಕಾಗ್ಲಿಲ್ಲ.

ಮನೆಕೆಲಸದ ಲೆಕ್ಕ ಈ ಚರ್ಚೆಯಲ್ಲಿ ಇನ್ನೂ ಯಾರೂ ಹಾಕಿಲ್ಲ. ಕೆಲಸ ಬಿಟ್ಟ ಹೆಂಗಸು “ಮನೇಲೇ ಇದ್ದಾಳೆ” ಅಂತಾಗಿಬಿಡುತ್ತೆ. ನೆಂಟರು ಬರ್ತಾರೆ, ಅತ್ತೆಯವರ ಆಸ್ಪತ್ರೆ, ಹಬ್ಬದ ಹೋಳಿಗೆ, ಎಲ್ಲಾ ತಾನಾಗೇ ನಿಮ್ಮ ಮೇಲೆ ಬೀಳುತ್ತೆ. ರೊಟ್ಟಿ ಬಡಿಯೋಕೆ ಒಬ್ಬರನ್ನ ಇಟ್ಟುಕೊಳ್ಳಿ, ಇಲ್ಲಾ ರೊಟ್ಟಿ ಕೇಂದ್ರದಿಂದ ತರಿಸಿ. ಆ ಖರ್ಚನ್ನ 43,500ರ ಒಳಗೇ ಬರೆದಿಡಿ.

ನಿವೃತ್ತ ಮೇಷ್ಟ್ರು (ಮೈಸೂರು)

ಸಂಜೆ ಬಸ್ಸಿನವರ ಬಿಸಿ ನನಗೆ ತಟ್ಟಿದೆ, ತಟ್ಟಬೇಕಾದ್ದೇ. ಆದರೂ ನನ್ನ ಪ್ರಶ್ನೆಯನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಐವತ್ತರ ಹತ್ತಿರ ಬರುವ ಹಂಬಲಗಳಲ್ಲಿ ಕೆಲವು ಹಂಬಲವಲ್ಲ, ಬೇಸರ. ನನ್ನ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಸ್ವಯಂ ನಿವೃತ್ತಿ ತೆಗೆದುಕೊಂಡು ಏನೋ ಮಾಡುತ್ತೇವೆಂದು ಹೊರಟರು. ವರ್ಷ ತುಂಬುವುದರೊಳಗೆ ಮಧ್ಯಾಹ್ನದ ಧಾರಾವಾಹಿಗೆ ಒಗ್ಗಿಹೋದರು. ಈ ಮಗಳ ವಿಷಯದಲ್ಲಿ ಹಾಗಲ್ಲ ಎಂದು ಕೋರ್ಟಿನ ಕಟ್ಟೆಯ ಮಾತು ಓದಿದಾಗ ಅನ್ನಿಸಿತು. ಆಕೆ ಆ ಕೆಲಸವನ್ನು ಈಗಾಗಲೇ ಮಾಡಿದ್ದಾರೆ, ದುಡ್ಡಿಲ್ಲದೆ, ಕೋಟಿಲ್ಲದೆ.

ಲಕ್ಕಮ್ಮನನ್ನು ನಾನು ತಂದೆ, ನಾನೇ ಇನ್ನೊಂದು ಮಾತು ಸೇರಿಸುತ್ತೇನೆ. ತಮ್ಮ ಮನೆಗೆ ಎಷ್ಟು ಅಕ್ಕಿ ಸಾಕು ಎಂಬ ಅಳತೆ ಆಕೆಗೆ ಗೊತ್ತಿತ್ತು, ಅದಕ್ಕೇ ಉಳಿದದ್ದನ್ನು ವಾಪಸು ಕಳಿಸಲು ಆಯಿತು. ನಿಮಗೂ 43,500 ಎಂಬ ಅಳತೆ ಸಿಕ್ಕಿದೆ. ನಲವತ್ತು ವರ್ಷ ದುಡಿದ ನನಗೆ ಇವತ್ತಿಗೂ ನನ್ನ ಅಳತೆ ಗೊತ್ತಿಲ್ಲ, ಪಿಂಚಣಿ ಬಂದದ್ದು ಹೋಗುತ್ತದೆ.

ದುಬೈ ದಾವಣಗೆರೆ

ನಂದೂ ಗೊತ್ತಿಲ್ಲ ಮೇಷ್ಟ್ರೇ. ಮೊದಲು 50 ಲಕ್ಷ ಆದ್ರೆ ಊರಿಗೆ ವಾಪಸ್ ಅಂದುಕೊಂಡಿದ್ದೆ, ಆಮೇಲೆ ಒಂದು ಕೋಟಿ, ಈಗ ಎರಡು ಅಂತಿದ್ದೀನಿ. ಮೇಡಂ, ನನ್ನ ಮೊದಲ ಸಲಹೆಯನ್ನ ಅಷ್ಟಾಗಿ ಗಟ್ಟಿ ಹಿಡೀಬೇಡಿ.

ಕಡತದಾಕಿ (ಹುಬ್ಬಳ್ಳಿ)

ಹದಿನೈದು ದಿನ ಬಿಟ್ಟು ಬರೀತಿದ್ದೇನಿ. ಯಜಮಾನರು, ಮಗಳು, ನಾನು ಕೂತು ಮಾತಾಡಿದ್ವಿ. ಹಿಂಗ ಆಗೇದ:

ಈ ವರ್ಷ ಕೆಲಸ ಬಿಡೂದಿಲ್ಲ. ತಿಂಗಳಿಗೆ 22,000 ಯಜಮಾನರ ಹೆಸರಿಗೆ ಆರ್‌ಡಿ ಶುರು ಮಾಡಿದ್ವಿ. ಅವರೇ ಬ್ಯಾಂಕಿಗೆ ಹೋಗಿ ಬಂದ್ರು, ಪಾಸ್‌ಬುಕ್ ನನಗ ಕೊಡಲಿಲ್ಲ! ಆರೋಗ್ಯ ವಿಮಾ ನಾಲ್ಕೂ ಜನಕ್ಕ ಕೇಳೇವಿ, ಅತ್ತಿಯವರದು ಕಂತು ಭಾಳ ಬರ್ತದ, ಅವರದು ಬ್ಯಾರೆ ಮಾಡಬೇಕಾದೀತು. ಅಂಗಡಿ ವರ್ಗಾವಣೆಗೆ ನಮ್ಮ ಆಡಿಟರ್ ಹತ್ರ ಮಾತಾಡೇನಿ, ಹೊಸ ಹಣಕಾಸು ವರ್ಷದಾಗ ಮಾಡೋಣ ಅಂದಾರ. ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗಿ ಕೇಳಿ ಬಂದೆ, ಸ್ವಯಂಸೇವಕರ ಅರ್ಜಿ ಕರೆದಾಗ ಹಾಕ್ರಿ ಅಂದ್ರು.

ಮಗಳು ಒಂದು ಷರತ್ತು ಹಾಕ್ಯಾಳ. ಇಬ್ಬರದೂ ಒಂದೇ ವರ್ಷ ಕಾಲೇಜು ಶುರುವಾಗಬಾರದಂತ, ಆಕಿ ಬಿಕಾಂ ಮೊದಲ ವರ್ಷ ಮುಗೀಲಿ ಅಂತ. ಹಂಗಾದ್ರ ನನಗೂ ತಡಿಯೋ ವರ್ಷಕ್ಕ ಅದು ಸರಿಹೊಂದ್ತದ.

ಅತ್ತಿಯವರು ಇನ್ನೂ ಒಪ್ಪಿಲ್ಲ. ಆದ್ರ ನಿನ್ನೆ ಬಾಜೂ ಮನಿ ಅಮ್ಮಗ “ನಮ್ಮ ಸೊಸಿಗೆ ಕೇಳು, ಹೊಲದ ಕಾಗದ ಓದಿ ಹೇಳ್ತಾಳ” ಅಂತಿದ್ರು.

ಇನ್ನೊಂದು ಸಂಶಯ. ನನ್ನ ಬಿಕಾಂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, 51% ಅದ. ಕೊನೇ ವರ್ಷದ ಅಂಕಪಟ್ಟಿ ಮನಿ ಬದಲಿ ಮಾಡೋವಾಗ ಎಲ್ಲೋ ಹೋಗೇದ. ಪ್ರವೇಶಕ್ಕ ಮೂಲ ಕಾಗದ ಬೇಕಾಗ್ತದೇನು?

ಕರಿಕೋಟು (ಬೆಳಗಾವಿ)

ಬೇಕು. ಎಲ್ಲಾ ವರ್ಷದವೂ ಬೇಕು, ಮುಂದೆ ನೋಂದಣಿಗೂ ಅವನ್ನೇ ಕೇಳುತ್ತಾರೆ. ಪೊಲೀಸ್ ಠಾಣೆಯಲ್ಲಿ ಕಳೆದುಹೋದ ಬಗ್ಗೆ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಒಂದು ಅಫಿಡವಿಟ್ ಮಾಡಿಸಿ, ಎರಡನ್ನೂ ಹಿಡಿದುಕೊಂಡು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ದ್ವಿಪ್ರತಿಗೆ ಅರ್ಜಿ ಹಾಕಿ. ಹಳೆಯ ದಾಖಲೆ, ಹುಡುಕಲು ತಡಮಾಡುತ್ತಾರೆ. ಈ ವಾರವೇ ಹೋಗಿ. ರಿಜಿಸ್ಟರ್ ನಂಬರ್ ನೆನಪಿಲ್ಲದಿದ್ದರೆ ಹಾಲ್ ಟಿಕೆಟ್ ಏನಾದರೂ ಇದೆಯೇ ಎಂದು ಟ್ರಂಕು ಹುಡುಕಿ.